ಬೀಗ ಹಾಕಿದ ಮನೆಯ ದನಿ

ಬೈಂದೂರು ಪಕ್ಕದ ಯಡ್ತರೆಯಲ್ಲಿ ಗೇರುಮರಗಳ ಹಾಡಿಯಿದ್ದ ಜಾಗ ಈಗ ಪೂರ್ತಿ ಲೇಔಟ್. ಮನೆಗಳೆಲ್ಲ ಮುಂಬೈಯಲ್ಲಿ ಹೋಟೆಲು ಇಟ್ಟವರದು. ಗೃಹಪ್ರವೇಶದ ಊಟ ಮುಗಿಸಿ ಬೀಗ ಹಾಕಿ ಹೋದರೆ ಮತ್ತೆ ಬರುವುದು ಬೇಸಿಗೆ ರಜೆಗೆ. ಕರೆಂಟಿನ ಮೀಟರ್ ನೋಡುವ ನಾನೊಬ್ಬ ಮಾತ್ರ ತಿಂಗಳಿಗೊಮ್ಮೆ ಹೋಗಲೇಬೇಕು. ಮಟಮಟ ಮಧ್ಯಾಹ್ನವೂ ಅಲ್ಲಿ ಒಂದು ನಾಯಿ ಬೊಗಳುವುದಿಲ್ಲ.

ಮೊನ್ನೆ ಒಂದು ಹೊಸ ಮನೆಯ ಮೀಟರಿಗೆ ಬಗ್ಗಿದ್ದೆ. ಬೆನ್ನ ಹಿಂದೆ ಗಂಡಸಿನ ದನಿ: "ಹ್ವಾಯ್, ಯಾರದ್? ಅಲ್ಲೆಂತ ಮಾಡುದ್?"

ತಿರುಗಿದರೆ ಯಾರೂ ಇಲ್ಲ. ಬಾಗಿಲಿಗೆ ಬೀಗ, ಒಣಗಿದ ಮಾವಿನ ತೋರಣ. ನಾನು ಎರಡು ಹೆಜ್ಜೆ ಹಿಂದೆ ಸರಿದೆ.

"ಹೆದ್ರ್ಬೇಡಿ ಮಾರಾಯ್ರೆ. ನಾನ್ ಮನಿ ಯಜಮಾನ, ಬೊಂಬಾಯಂಗೆ ಇದ್ದೆ. ಮೇಲ್ ಕಾಣಿ, ಮಾತಾಡು ಕ್ಯಾಮರಾ ಇತ್ತ್."

ಕರೆಂಟಿನವನು ಎಂದೆ.

"ಹಾಂಗಾರೆ ಒಂದ್ ಉಪಕಾರ ಮಾಡಿ. ನಿನ್ನೆಯೂ ಒಳ್ಗ್ ಯಾರೋ ನಡ್ದಾಡು ಶಬ್ದ ಬತ್ತಿತ್ತ್. ಕಿಟ್ಕಿಯಂಗೆ ಒಂಚೂರ್ ಹಣ್ಕಿ ಕಾಣಿ."

ನಾನು ಹಣಕಲಿಲ್ಲ. ನೆಟ್ಟಗೆ ಗೇಟಿನಾಚೆ ಹೋಗಿ ನಿಂತು, "ನೀವೇ ಬಂದು ಕಾಣಿ" ಎಂದೆ.

ಕ್ಯಾಮರಾದ ದನಿ ಗೇಟಿನಾಚೆಗೂ ಕೇಳಿಸಿತು: "ಊರಿಗ್ ಬಂದ್ರೂ ನಾವ್ ಅಲ್ ಮಲ್ಕಂಬುದಿಲ್ಲ ಮಾರಾಯ್ರೆ. ಬೈಂದೂರಂಗೆ ಲಾಡ್ಜ್ ಮಾಡುದ್."

ಬಿಲ್ಲನ್ನು ಗೇಟಿಗೇ ಸಿಕ್ಕಿಸಿ ಬಂದೆ. ಒಳಗೆ ಯಾರಾದರೂ ಇದ್ದರೆ ಅವರೇ ತೆಗೆದುಕೊಳ್ಳಲಿ.