ರೆನಾತಾ ಕೊಟ್ಟ ಲಿವರ್

ಬಿಯಾವಿಸ್ತೋಕ್‌ನ ಬೇಕರಿಯಲ್ಲಿ ನಾನೂ ರೆನಾತಾಳೂ ಒಂಬತ್ತು ವರ್ಷ ಒಂದೇ ಮೇಜಿನ ಮೇಲೆ ಹಿಟ್ಟು ನಾದಿದವರು. ಅವಳ ಮಗಳು ಕಲೀನಾ ಹುಟ್ಟುವಾಗಲೇ ಪಿತ್ತನಾಳಗಳು ಮುಚ್ಚಿಕೊಂಡಿದ್ದವು. ಕಣ್ಣು, ಮೈ ಎಲ್ಲ ಹಳದಿ. ಹದಿನಾಲ್ಕನೇ ತಿಂಗಳಲ್ಲಿ ವಾರ್ಸಾದ ಆಸ್ಪತ್ರೆಯಲ್ಲಿ ರೆನಾತಾಳ ಲಿವರ್‌ನ ಒಂದು ಭಾಗ ಕತ್ತರಿಸಿ ಮಗುವಿಗೆ ಜೋಡಿಸಿದರು. ಗಂಡ ಯಾರೆಕ್‌ನ ರಕ್ತವೂ ಹೊಂದುತ್ತಿತ್ತು. ಆದರೆ ದುಡಿಯುವ ಗಂಡಸಿನ ಹೊಟ್ಟೆ ಕುಯ್ಯುವುದು ಬೇಡವೆಂದು ಅವನ ತಾಯಿ ಲುಟ್ಸಿನಾ ಹಟ ಹಿಡಿದಳು. ಅವನು ತಾಯಿಯ ಮಾತು ಮೀರಲಿಲ್ಲ.

ಒಂದು ವರ್ಷ ಮಗು ಚೆನ್ನಾಗಿತ್ತು. ಬೀಟ್‌ರೂಟ್ ಸಾರು ಕುಡಿದು ಅಂಗಿಯೆಲ್ಲ ಕೆಂಪು ಮಾಡಿಕೊಳ್ಳುತ್ತಿತ್ತು. ಆಮೇಲೆ ಜ್ವರ ಹಿಡಿಯಿತು, ಕತ್ತಿನಲ್ಲಿ ಗಂಟುಗಳೆದ್ದವು.

ಗಂಟಿನ ಚೂರು ಪರೀಕ್ಷಿಸಿದ ಡಾಕ್ಟರಮ್ಮ ಏನನ್ನೂ ಮುಚ್ಚಿಡಲಿಲ್ಲ. "ದೊಡ್ಡೋರ ಮೈಯಲ್ಲಿ ತೆಪ್ಪಗೆ ಬಿದ್ದಿರೋ ವೈರಸ್ ಒಂದಿದೆ. ನಿಮ್ಮ ಲಿವರ್ ಜೊತೆ ಅದೂ ಮಗುಗೆ ಹೋಗಿದೆ. ಹೊಸ ಲಿವರನ್ನ ಮೈ ತಳ್ಳಬಾರ್ದು ಅಂತ ಔಷಧಿ ಕೊಟ್ಟು ಮಗು ರೋಗ ತಡೆಯೋ ಶಕ್ತಿ ತಗ್ಗಿಸಿದೀವಲ್ಲ, ಆ ವೈರಸ್ ತಡೆಯೋಕೆ ಮೈಯಲ್ಲಿ ಏನೂ ಉಳಿದಿಲ್ಲ. ಅದರಿಂದ್ಲೇ ಕ್ಯಾನ್ಸರ್ ಆಗಿದೆ."

"ಅಂದ್ರೆ ನಾನೇ ಕೊಟ್ಟಿದ್ದಾ?"

"ಹತ್ತರಲ್ಲಿ ಒಂಬತ್ತು ಜನರಲ್ಲಿ ಇರುತ್ತೆ. ನನ್ನಲ್ಲೂ ಇದೆ."

ಭಾನುವಾರದ ಊಟಕ್ಕೆ ಕೂತಾಗ ರೆನಾತಾ ಇದನ್ನು ಅತ್ತೆಗೆ ಹೇಳಿದಳು. ನಾನೂ ಅಲ್ಲಿದ್ದೆ.

"ಯಾರೆಕ್ ಮೈಲೂ ಇರ್ಬಹುದಂತೆ, ಅತ್ತೆ."

ಲುಟ್ಸಿನಾ ಆಲೂಗಡ್ಡೆ ಬಡಿಸುತ್ತಲೇ, "ಇರ್ಲಿ ಬಿಡು. ನನ್ ಮಗ ಕೊಟ್ಟಿಲ್ವಲ್ಲ," ಎಂದಳು.

ಯಾರೆಕ್ ತಟ್ಟೆಯಿಂದ ತಲೆ ಎತ್ತಲಿಲ್ಲ. ಅವತ್ತು ಅವನ ಕೆನ್ನೆಗೆ ಬಿಗಿಯಬೇಕಿತ್ತು. ನಾನು ಊಟ ಮುಗಿಸಿ ಎದ್ದು ಬಂದೆ.

ಶಕ್ತಿ ತಗ್ಗಿಸುವ ಔಷಧಿಯ ಪ್ರಮಾಣ ಇಳಿಸಿದರು. ಗಂಟುಗಳು ಕುಗ್ಗಿದವು. ರೆನಾತಾ ಬೇಕರಿಗೆ ಫೋನ್ ಮಾಡಿ ನಕ್ಕಳು. ಮೂರೇ ವಾರಕ್ಕೆ ಮಗುವಿನ ಮೈ ತಾಯಿಯ ಲಿವರ್ ಮೇಲೆ ತಿರುಗಿಬಿತ್ತು. ಔಷಧಿ ಏರಿಸಿದರೆ ಗಂಟು ಬೆಳೆಯುತ್ತಿತ್ತು, ಇಳಿಸಿದರೆ ಲಿವರ್ ಕೆಡುತ್ತಿತ್ತು.

"ನನ್ನಿಂದ ಇನ್ನೊಂದು ಭಾಗ ತಗೊಳ್ಳಿ," ಎಂದಳು ರೆನಾತಾ ಡಾಕ್ಟರಮ್ಮನಿಗೆ.

"ಒಬ್ಬರಿಂದ ಎರಡು ಸಲ ತಗೊಳ್ಳಲ್ಲಮ್ಮ."

ಆಗ ಯಾರೆಕ್ ಎದ್ದು ನಿಂತ. "ನಂದು ತಗೊಳ್ಳಿ ಡಾಕ್ಟ್ರೇ."

"ಆಪರೇಷನ್ ತಡ್ಕೊಳ್ಳೋ ಶಕ್ತಿ ಈಗ ಮಗುಗೆ ಇಲ್ಲ," ಎಂದರು ಡಾಕ್ಟರಮ್ಮ.

ಫೆಬ್ರವರಿಯಲ್ಲಿ ಕಲೀನಾ ತೀರಿಕೊಂಡಳು. ಮೂರು ವರ್ಷ ತುಂಬಲು ಎರಡು ತಿಂಗಳಿತ್ತು. ನೆಲ ಹೆಪ್ಪುಗಟ್ಟಿ, ಗುಂಡಿ ತೋಡಲು ಯಂತ್ರ ತರಿಸಬೇಕಾಯಿತು.

ಮೇ ತಿಂಗಳಲ್ಲಿ ಅಂಗ ಕೊಟ್ಟವರ ವಾರ್ಷಿಕ ತಪಾಸಣೆಗೆ ರೆನಾತಾಳಿಗೂ ಕರೆ ಬಂತು. ಹೋಗಿಬಂದವಳು ಮರುದಿನ ಹಿಟ್ಟು ನಾದುತ್ತ ಹೇಳಿದಳು:

"ಸ್ಕ್ಯಾನ್ ಮಾಡೋಳು ಹೊಸಬಳು ಕಣೇ. 'ಕೊಟ್ಟಷ್ಟು ಲಿವರ್ ಮತ್ತೆ ಪೂರ್ತಿ ಬೆಳ್ಕೊಂಡಿದೆ, ಎಷ್ಟು ಚೆನ್ನಾಗಿದೆ ನೋಡಿ, ಮಗು ಹೇಗಿದೆ' ಅಂದ್ಲು."

"ನೀನೇನಂದೆ?"

"ಚೆನ್ನಾಗಿದಾಳೆ ಅಂದೆ."