ಗೀಟಿನ ಮನೆ ಸರಿಸಿದ ಬೇಸಿಗೆ

ಆಟದ ಸಾಮಾನು ಅಂಗಡಿಯಲ್ಲಿ ಸಿಗುತ್ತದೆ ಅನ್ನುವುದೇ ನಮಗೆ ಗೊತ್ತಿಲ್ಲದ ಕಾಲ ಅದು. ನಿಪ್ಪಾಣಿ ಸೀಮೆಯ ನಮ್ಮ ಹಳ್ಳಿಯಲ್ಲಿ ಬೇಸಿಗೆ ಅಂದರೆ ತಂಬಾಕಿನ ಘಾಟು. ಅವ್ವ ದಿನವೆಲ್ಲ ವಖಾರಿಯಲ್ಲಿ, ಅಂದರೆ ವ್ಯಾಪಾರಿಯ ಗೋದಾಮಿನಲ್ಲಿ, ತಂಬಾಕು ಹಸನು ಮಾಡಿ ಸಂಜೆ ಬಂದರೆ ಅವಳ ಸೀರೆಯ ಘಾಟಿಗೆ ಮನೆಯವರೆಲ್ಲ ಸೀನುತ್ತಿದ್ದೆವು. ಅವಳು ಬಡಿದ ರೊಟ್ಟಿಗೂ ಅದೇ ವಾಸನೆ. ಹಳೆಯ ಕಾಲ ಸಿಹಿಯಾಗಿತ್ತು ಅಂತ ಮಂದಿ ಹೇಳುತ್ತಾರೆ. ನಮ್ಮದು ಖಾರವಾಗಿತ್ತು.

ಇದನ್ನೆಲ್ಲ ಈಗ ನೆನಪಿಗೆ ತಂದವಳು ಮೊಮ್ಮಗಳು ಅಶ್ವಿನಿ. ಚಿಕ್ಕೋಡಿಯಲ್ಲಿ ಕಾಲೇಜು ಕಲಿಯುತ್ತಾಳೆ. ಅವಳೂ ಗೆಳತಿಯರೂ ಕೂಡಿ ಮೊಬೈಲಿನಲ್ಲಿ ಆಡುವ ಆಟವೊಂದನ್ನು ಮಾಡುತ್ತಿದ್ದಾರೆ. ಒಂದು ಕೋಟೆ, ನಾಲ್ಕು ಮಂದಿ, ಒಬ್ಬರನ್ನೊಬ್ಬರು ಬಡಿದು ಒಳಗೆ ಹೋಗಬೇಕು. ಅದರಲ್ಲಿ ಹೊಸದೇನು ಹಾಕೋಣ ಅಂತ ನಮ್ಮ ಪಡಸಾಲೆಯಲ್ಲಿ ಕೂತು ಮಾತಾಡುತ್ತಿದ್ದರು. ಗೆದ್ದವಳಿಗೆ ಇನ್ನೊಂದು ಕತ್ತಿ ಅಂದಳು ಒಬ್ಬಳು. ಇನ್ನೊಬ್ಬಳು ಕುದುರೆ ಅಂದಳು. ಬಂಗಾರದ ಅಂಗಿ ಅಂದಳು ಮತ್ತೊಬ್ಬಳು. ನಾನು ಶೇಂಗಾ ಸುಲಿಯುತ್ತ ಕೇಳುತ್ತಿದ್ದೆ.

"ಸತ್ತಾಕಿ ಏನ್ ಮಾಡ್ತಾಳ?" ಅಂದೆ.

"ಸತ್ತಮ್ಯಾಲ ಏನ್ ಮಾಡೂದೈತಿ, ಆಯಿ? ಹೊರಗ ಹೋಗ್ತಾಳ," ಅಂದಳು ಅಶ್ವಿನಿ.

ಆಗ ನನಗೆ ಚಿಕ್ಕಂದಿನ ಗೆಳತಿ ಜೈಬೂನ ನೆನಪಾದಳು.

ನನ್ನ ಮೂರನೇ ಇಯತ್ತೆ ಮುಗಿದ ಬೇಸಿಗೆ. ಮುಂದೆ ಸಾಲೆ ಇರಲಿಲ್ಲ, ಅದು ಮನೆಯಲ್ಲಿ ಗಟ್ಟಿಯಾಗಿತ್ತು. ಅವ್ವ ಒಂದೇ ಮಾತು ಹೇಳಿದ್ದಳು. ಮಳೆಗಾಲದವರೆಗೆ ಒಂದು ಕಡೆ ಕೂತು ಆಡಿಕೊಂಡಿದ್ದರೆ ಬಿಡುತ್ತೇನೆ, ಓಣಿ ಓಣಿ ತಿರುಗುವುದು ಕಂಡರೆ ಮರುದಿನವೇ ನನ್ನ ಜೊತೆ ವಖಾರಿಗೆ. ನನಗೆ ವಖಾರಿ ಬೇಡವಾಗಿತ್ತು. ಅಲ್ಲಿ ಹೋದ ಹುಡುಗಿಯರು ದೊಡ್ಡ ಹೆಂಗಸರ ಹಾಗೆ ಕೆಮ್ಮುತ್ತಿದ್ದರು.

ಹಾಗಾಗಿ ಚೌಕಾಬಾರ. ಶಾಂತಿಯ ಮನೆಯ ಪಡಸಾಲೆ, ಅವಳದೇ ಕವಡಿ. ಶಾಂತಿ ಕಬ್ಬಿನ ಗದ್ದೆ ಇದ್ದವರ ಮಗಳು. ತಾರಾ ಮರಾಠಿ ಮಾತಿನವಳು, ಸಿಟ್ಟು ಬಂದರೆ, ನಗು ಬಂದರೆ ಕನ್ನಡ ಮರೆಯುತ್ತಿದ್ದಳು. ಜೈಬೂನ ಗಾದಿ ಹೊಲಿಯುವವರ ಮಗಳು, ಅವಳ ತಲೆಗೂದಲಲ್ಲಿ ಯಾವಾಗಲೂ ಒಂದೆಳೆ ಹತ್ತಿ. ನಾಲ್ಕನೆಯವಳು ನಾನು. ಸೀಮೆಸುಣ್ಣದಿಂದ ಮನೆ ಬರೆದು, ಹುಣಸೆಬೀಜ, ಬಳೆಚೂರು, ಜೋಳದ ಕಾಳು, ಸಣ್ಣ ಕಲ್ಲು ಕಾಯಿ ಮಾಡಿಕೊಳ್ಳುತ್ತಿದ್ದೆವು. ಅಡ್ಡ ಗೀಟು ಹಾಕಿದ ಮನೆಯಲ್ಲಿ ಕಾಯಿ ಇದ್ದರೆ ಯಾರೂ ಅದನ್ನು ಕಡಿಯುವಂತಿಲ್ಲ. ಬೇರೆ ಊರಲ್ಲಿ ಕಡಿದ ಕಾಯಿ ಮತ್ತೆ ಮೊದಲಿನಿಂದ ಬರುತ್ತದಂತೆ. ನಮ್ಮ ಓಣಿಯಲ್ಲಿ ಸತ್ತದ್ದು ಸತ್ತಂತೆಯೇ.

ಜೈಬೂನಳ ಕಾಯಿ ದಿನಾ ಮೊದಲು ಸಾಯುತ್ತಿದ್ದವು. ಆಟ ಗೊತ್ತಿಲ್ಲ ಅಂತಲ್ಲ, ಕವಡಿ ಅವಳಿಗೆ ಒಲಿಯುತ್ತಿರಲಿಲ್ಲ. ಆಮೇಲೆ ಗೋಡೆಗೆ ಒರಗಿ, ಹುಣಸೆಹಣ್ಣಿನ ಚಿಗಳಿ ನೆಕ್ಕುತ್ತ ನಮ್ಮ ಆಟ ನೋಡುತ್ತಿದ್ದಳು. ಒಂದು ಮಧ್ಯಾಹ್ನ ನೋಡಲೂ ಇಲ್ಲ. ಲಂಗ ಝಾಡಿಸಿಕೊಂಡು ಎದ್ದಳು.

"ನಾಳಿಗಿ ಬರಂಗಿಲ್ಲ. ನಿಮ್ಮ ಮಾರಿ ನೋಡಾಕ ಬರಬೇಕೇನು?"

ಅವಳು ಬಾಗಿಲು ದಾಟುವವರೆಗೂ ನಾನು ಅವಳ ಬೆನ್ನನ್ನೇ ನೋಡಿದೆ. ಅವಳಿಲ್ಲದಿದ್ದರೆ ನಾಲ್ಕು ಮಂದಿ ಇಲ್ಲ. ನಮ್ಮ ಓಣಿಯಲ್ಲಿ ನಾಲ್ಕು ಮಂದಿ ಇಲ್ಲದಿದ್ದರೆ ಆಟವಿಲ್ಲ. ಆಟವಿಲ್ಲದಿದ್ದರೆ ನಾನು ವಖಾರಿಗೆ.

ಆಟ ಬದಲಾಯಿಸೋಣ ಅಂದೆ. ಮೊದಲು ಬಾಯಿ ತೆಗೆದವಳು ತಾರಾ. ಶೇಂಗಾ ತಂದುಕೊಟ್ಟವಳ ಸತ್ತ ಕಾಯಿ ಏಳಲಿ ಅಂದಳು. ಕೇಳಲು ಚಂದ ಇತ್ತು. ಮರುದಿನ ಜೈಬೂನಳನ್ನು ಕೈಹಿಡಿದು ಕರೆತಂದು ಹಾಗೇ ಆಡಿದೆವು. ಶಾಂತಿಯ ಮನೆಯಲ್ಲಿ ಶೇಂಗಾದ ಚೀಲಗಳೇ ಇದ್ದವು. ಅವಳ ಕಾಯಿ ಕಡಿದಷ್ಟೂ ಎದ್ದವು. ನಮಗೆ ತಿನ್ನಲು ಸಿಕ್ಕಿತು, ಆಡಲು ಸಿಗಲಿಲ್ಲ. ಶಾಂತಿಗೇ ಬೇಸರ ಬಂದು ಕವಡಿ ಮುಚ್ಚಿಟ್ಟಳು.

ಆ ರಾತ್ರಿ ಉಣ್ಣುವಾಗ ನಾನು ಇದನ್ನೇ ವಿಚಾರ ಮಾಡಿದೆ. ಜೈಬೂನಳಿಗೆ ಬೇಕಾದದ್ದು ಗೆಲುವಲ್ಲ, ಅವಳ ಪಾಳಿ. ಸತ್ತ ಮೇಲೂ ಕವಡಿ ಅವಳ ಕೈಗೆ ಬರಬೇಕು. ಬಂದರೆ ಮಾಡುವುದೇನು? ಕಾಯಿ ಇಲ್ಲ. ಕಾಯಿ ಇಲ್ಲದಿದ್ದರೆ ಮನೆ ಇದೆಯಲ್ಲ.

ಮುಂಜಾನೆ ಹೇಳಿದೆ. ಕಾಯಿ ಎಲ್ಲ ಸತ್ತವಳು ತನ್ನ ಪಾಳಿ ಬಂದಾಗ ಕವಡಿ ಒಗೆಯಲಿ. ಚೌಕ ಬಿದ್ದರೆ ಒಂದು ಗೀಟಿನ ಮನೆಯನ್ನು ಅಳಿಸಿ ಪಕ್ಕದ ಮನೆಗೆ ಸರಿಸಲಿ.

ಶಾಂತಿ ಓಣಿಯ ಪದ್ಧತಿ ನೆನಪಿಸಿದಳು. ಯಾವಳು ಆಟಕ್ಕೆ ಹೊಸ ಕಟ್ಟಳೆ ತರುತ್ತಾಳೋ, ಮೊದಲನೇ ಆಟದಲ್ಲಿ ಅದರ ಪೆಟ್ಟು ಅವಳಿಗಷ್ಟೇ. ತನಗೆ ಲಾಭ ಆಗಲಿ ಅಂತ ಕಟ್ಟಳೆ ತರುವವರ ಬಾಯಿ ಮುಚ್ಚಿಸಲು ಯಾವಳೋ ಹಿಂದಿನವಳು ಮಾಡಿದ್ದಿರಬೇಕು. ತಾರಾಳ ಶೇಂಗಾ ಕಟ್ಟಳೆಗೆ ಮಾತ್ರ ಈ ಪದ್ಧತಿ ಹಚ್ಚಿರಲಿಲ್ಲ, ತಿನ್ನುವ ಅವಸರದಲ್ಲಿ ಎಲ್ಲರೂ ಮರೆತಿದ್ದೆವು.

"ಪೆಟ್ಟ ತಿಂತೀಯೇನು?" ಅಂದಳು ಶಾಂತಿ.

"ತಿಂತೇನಿ. ಒಗೀರಿ ಕವಡಿ."

ಆ ದಿನ ನನಗೆ ಕವಡಿ ಬಿದ್ದಷ್ಟು ಯಾವ ದಿನವೂ ಬಿದ್ದಿರಲಿಲ್ಲ. ಮೂರು ಕಾಯಿ ನಡುಮನೆ ಸೇರಿ ಹಣ್ಣಾದವು. ನನ್ನ ಕಡೆಯ ಹುಣಸೆಬೀಜ ನಡುಮನೆಯ ಹತ್ತಿರ, ಗೀಟಿನ ಮನೆಯಲ್ಲಿ ಗಟ್ಟಿಯಾಗಿ ಕೂತಿತ್ತು. ಶಾಂತಿಯ ಕಾಯಿ ಹಿಂದೆಯೇ ಇತ್ತು. ಜೈಬೂನಳ ಕಾಯಿ ಎಲ್ಲ ಸತ್ತು ಬಹಳ ಹೊತ್ತಾಗಿತ್ತು, ಆದರೆ ಅವಳು ಗೋಡೆಗೆ ಒರಗಿರಲಿಲ್ಲ. ಮೊಣಕಾಲೂರಿ ಮುಂದೆ ಬಂದಿದ್ದಳು. ಕವಡಿಯನ್ನು ಎರಡೂ ಕೈಯಲ್ಲಿ ಕುಲುಕಿ ಒಗೆದಳು. ನಾಲ್ಕೂ ಬಾಯಿ ಮೇಲೆ. ಚೌಕ.

ಬೆರಳಿಗೆ ಉಗುಳು ಹಚ್ಚಿಕೊಂಡು ನನ್ನ ಕಾಯಿಯ ಕೆಳಗಿನ ಗೀಟನ್ನು ಒರೆಸಿದಳು. ಅವಸರವಿಲ್ಲದೆ, ರೊಟ್ಟಿಯ ಹಂಚು ಒರೆಸಿದಂತೆ. ಪಕ್ಕದ ಮನೆಗೆ ಗೀಟು ಹಾಕಿ ನನ್ನ ಮುಖ ನೋಡಿದಳು.

"ಈಗ ಬಯಲಿಗಿ ಬಿದ್ದಿ ನೋಡವ್ವ."

ಶಾಂತಿ ಕಡಿದಳು. ತಾರಾ ನಕ್ಕು ನಕ್ಕು ಮರಾಠಿಯಲ್ಲಿ ಏನೋ ಬೈದಳು. ನನಗೆ ಸಿಟ್ಟು ಬಂದದ್ದು ಖರೆ. ಆದರೆ ಜೈಬೂನ ಸೀಮೆಸುಣ್ಣವನ್ನು ಕೆಳಗಿಡಲಿಲ್ಲ. ನಾಳೆ ಎಷ್ಟೊತ್ತಿಗೆ ಬರಲಿ ಅಂತ ಅವಳೇ ಕೇಳಿದಳು.

ಮಳೆ ಹಿಡಿಯುವವರೆಗೂ ಆ ಆಟ ನಿಲ್ಲಲಿಲ್ಲ. ಬೇರೆ ಓಣಿಯವರೂ ಕಲಿತುಕೊಂಡು ಹೋದರು. ಮಳೆಯಾದ ಮೇಲೆ ಅವ್ವ ನನ್ನನ್ನು ವಖಾರಿಗೆ ಕರೆದೊಯ್ದಳು. ಹೋದೆ. ಕೆಮ್ಮಿದೆ. ಒಂದು ಬೇಸಿಗೆ ಉಳಿಸಿಕೊಂಡಿದ್ದೆ, ಅಷ್ಟೇ. ಜೈಬೂನಳನ್ನು ಮೀರಜ ಕಡೆಗೆ ಕೊಟ್ಟರು. ಇದ್ದಾಳೋ ಇಲ್ಲವೋ ಗೊತ್ತಿಲ್ಲ.

ಅಶ್ವಿನಿ ಇದನ್ನೆಲ್ಲ ಕೇಳಿ ತನ್ನ ಆಟದಲ್ಲಿ ಹಾಕಿದಳು. ಸತ್ತವಳು ಈಗ ಕೋಟೆಯ ಬಾಗಿಲು ಸರಿಸಬಹುದು. ಮೊದಲ ಪೆಟ್ಟು ನೀನೇ ತಿನ್ನಬೇಕು ಅಂದಿದ್ದೆ, ಒಪ್ಪಿದಳು. ಮೊನ್ನೆ ಆಡುತ್ತ ಕೂತವಳು ಒಬ್ಬಳೇ ಜೋರಾಗಿ ನಕ್ಕಳು. ಗೆಲ್ಲುವ ಹೊತ್ತಿಗೆ ಯಾರೋ ಅವಳ ಮುಂದಿನ ಬಾಗಿಲು ಸರಿಸಿದ್ದರಂತೆ.

"ಯಾರವ್ವ ಸರಿಸಿದಾಕಿ?"

"ಯಾರೋ ಏನೋ, ಆಯಿ. ಬ್ಯಾರೆ ಊರಾವರು. ಹೆಸರೂ ಖರೇದಲ್ಲ."

ಆಟ ಚಲೋ ಆಗಿದೆ, ಸುಳ್ಳು ಹೇಳುವುದಿಲ್ಲ. ಆದರೆ ಆ ಕಡೆ ಕೂತವಳು ಬೇಸರಪಟ್ಟು ಎದ್ದು ಹೋದರೆ ಇವಳಿಗೆ ತಿಳಿಯುವುದಿಲ್ಲ. ಬೇರೆ ಯಾರೋ ಬಂದು ಕೂರುತ್ತಾರೆ, ಆಟ ನಡೆದೇ ಇರುತ್ತದೆ. ನನಗೆ ಆ ಕಟ್ಟಳೆ ಹೊಳೆದದ್ದು ಜಾಣತನದಿಂದಲ್ಲ. ಬಾಗಿಲು ದಾಟುವ ಜೈಬೂನಳ ಬೆನ್ನು ಕಂಡಿತ್ತು, ಅದಕ್ಕೆ.