ಶೇಂಗಾ ಬಿಟ್ಟ ವೈನಿ

ಸುರೇಬಾನದ ಮಲಕಾಜಪ್ಪ ಎದುರಿಗೆ ಬಂದರೆ ಇವತ್ತಿಗೂ ನಾನು ರಸ್ತೆಯ ಆ ಕಡೆಗೆ ದಾಟಿಬಿಡುತ್ತೇನೆ. ನನ್ನ ಹೆಸರು ಹಿಡಿದು, ಸುಭಾಸನದು ಬಹಳ ಸಿಟ್ಟು ಎಂದು ಮಂದಿ ಅನ್ನುತ್ತಾರೆ. ಅನ್ನಲಿ. ತಮ್ಮ ಮಗಳ ತುಟಿ ಕಣ್ಣೆದುರೇ ಊದಿಕೊಂಡು, ಕೂಸು ಉಸಿರಿಗಾಗಿ ಕೊರಳು ಚಾಚಿದ್ದನ್ನು ಅವರು ನೋಡಿಲ್ಲ.

ಮಲಕಾಜಪ್ಪ ಬೇರೆ ಯಾರೋ ಅಲ್ಲ, ನನ್ನ ವೈನಿ, ಅಂದರೆ ನನ್ನ ಅಣ್ಣನ ಹೆಂಡತಿ ಗುರುಬಸವ್ವನ ಒಡಹುಟ್ಟಿದ ಅಣ್ಣ. ನಾನು ಬರೆಯಲು ಕುಳಿತದ್ದು ವೈನಿಯ ಬಗ್ಗೆ. ಆದರೆ ಅವನನ್ನು ಬಿಟ್ಟರೆ ಆಕೆಯ ಕತೆ ಪೂರ್ತಿಯಾಗುವುದಿಲ್ಲ.

ನಮ್ಮದು ಮನೋಳಿ. ಅಣ್ಣ ಅಂದಾನೆಪ್ಪ ಹೊಲ ನೋಡುತ್ತಿದ್ದ. ನಾನು ಟ್ರ್ಯಾಕ್ಟರಿನಲ್ಲಿ ಎಂ.ಕೆ. ಹುಬ್ಬಳ್ಳಿಯ ಕಾರ್ಖಾನೆಗೆ ಕಬ್ಬು ಸಾಗಿಸುತ್ತಿದ್ದೆ. ಇಬ್ಬರ ಸಂಸಾರಕ್ಕೂ ಒಂದೇ ಒಲೆ, ಆ ಒಲೆ ವೈನಿಯದು. ಶೇಂಗಾ ಹೋಳಿಗೆ ಮಾಡುವುದರಲ್ಲಿ ಆಕೆಗೆ ತವರಲ್ಲೇ ಹೆಸರಿತ್ತು. ಆಕೆ ಶೇಂಗಾ ಚಟ್ನಿ ಕುಟ್ಟಲು ಕುಳಿತರೆ ಓಣಿಗೆಲ್ಲ ವಾಸನೆ ಹೋಗುತ್ತಿತ್ತು. ಕಾರ್ಖಾನೆಯ ಮುಂದೆ ಸರತಿಯಲ್ಲಿ ನಿಂತ ಡ್ರೈವರುಗಳು ನಾನು ಬುತ್ತಿ ಬಿಚ್ಚುವುದನ್ನೇ ಕಾಯುತ್ತಿದ್ದರು.

ತೊಂಬತ್ತೈದರ ನಾಗರ ಪಂಚಮಿಗೆ ನನ್ನ ಮಗಳು ಮಧು ಇನ್ನೂ ಅಂಬೆಗಾಲಿಡುತ್ತಿದ್ದಳು. ವೈನಿ ಶೇಂಗಾ ಉಂಡಿಯ ಒಂದು ಚೂರನ್ನು ಪ್ರೀತಿಯಿಂದ ಕೂಸಿನ ನಾಲಿಗೆಗೆ ಸವರಿದಳು. ಸ್ವಲ್ಪ ಹೊತ್ತಿಗೆ ಮೈತುಂಬ ದದ್ದು ಎದ್ದವು, ಮುಖ ಊದಿತು. ಬೆಳಗಾವಿಯ ಮಕ್ಕಳ ಡಾಕ್ಟರು ನೋಡಿ, ಈಕೆಗೆ ಶೇಂಗಾ ಆಗುವುದಿಲ್ಲ, ಕಾಳೂ ಬೇಡ, ಪುಡಿಯೂ ಬೇಡ, ಗಾಣದ ಎಣ್ಣೆಯೂ ಬೇಡ ಎಂದರು.

ಊರಿಗೆ ಬಂದವಳೇ ವೈನಿ ಮನೆಯಲ್ಲಿದ್ದ ಶೇಂಗಾದ ಚೀಲವನ್ನು ನೆರೆಮನೆಗೆ ಹೊರಿಸಿದಳು. ಒರಳು ತೊಳೆದಳು, ಡಬ್ಬಿಗಳನ್ನು ತಿಕ್ಕಿದಳು. ಅಡುಗೆಗೆ ಕುಸುಬಿ ಎಣ್ಣೆ ಬಂತು.

“ಅಲ್ಲಾ, ನಾವೂ ತಿನ್ನೂದು ಬ್ಯಾಡೇನು?” ಅಂದ ಅಣ್ಣ.

“ತಿನ್ರಿ, ಬ್ಯಾಡ ಅಂದವರ‍್ಯಾರು? ಹೊಲದಾಗ ಕುಂತು ತಿಂದು, ಬಾಯಿ ಮುಕ್ಕಳಿಸಿ, ಕೈ ತೊಳಕೊಂಡು ಬರ್ರಿ. ಕೂಸಿಗೆ ಮುದ್ದು ಕೊಡೂದಿದ್ರ ಮರುದಿವಸ ಕೊಡ್ರಿ.”

ಅಣ್ಣ ಹೊಲದಲ್ಲಿ ತಿಂದ. ವೈನಿ ಎಲ್ಲಿಯೂ ತಿನ್ನಲಿಲ್ಲ. ತಾನೇ ಸವರಿದ ಚೂರು ಅದು, ಆ ರುಚಿ ತನಗೂ ಬೇಡ ಎಂದುಬಿಟ್ಟಳು.

ಮಧುಗೆ ಮಾತು ಬಂದ ಮೇಲೆ ವೈನಿ ಮೊದಲು ಕಲಿಸಿದ್ದೇ ಅದು. “ಶೇಂಗಾ ಅಂದ್ರ ಏನು?” ಎಂದು ಈಕೆ ಕೇಳುವುದು, “ವಿಷಾ!” ಎಂದು ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಳ್ಳುವುದು. ನಾವೆಲ್ಲ ನಗುತ್ತಿದ್ದೆವು.

ಮಧು ಮೂರು ವರ್ಷದವಳಿದ್ದಾಗ ಮಲಕಾಜಪ್ಪ ಸುರೇಬಾನದಲ್ಲಿ ಹೊಸ ಮನೆ ಕಟ್ಟಿಸಿ ವಾಸ್ತುಶಾಂತಿಗೆ ಕರೆದ. ವೈನಿ ಹಿಂದಿನ ದಿನವೇ ಹೋಗಿ, ಕೂಸಿಗೆಂದು ಶೇಂಗಾ ಇಲ್ಲದ ಬದನೆಕಾಯಿ ಪಲ್ಯವನ್ನು ಬೇರೆ ಪಾತ್ರೆಯಲ್ಲಿ ತಾನೇ ಮಾಡಿ ಮುಚ್ಚಿಟ್ಟಿದ್ದಳು. ಬಡಿಸುವ ಹೊತ್ತಿಗೆ ಮಲಕಾಜಪ್ಪ ಮುಚ್ಚಳ ತೆಗೆದು ನೋಡಿದ. ನಮ್ಮ ಕಡೆ ಶೇಂಗಾ ಪುಡಿ ಹಾಕದ ಬದನೆಕಾಯಿ ಪಲ್ಯವನ್ನು ಬೀಗರ ಮುಂದೆ ಇಟ್ಟರೆ ಮನೆಯವನಿಗೆ ಅವಮಾನ. ಒಂದು ಮುಷ್ಟಿ ಪುಡಿ ಹಾಕಿ ಕಲಸಿಬಿಟ್ಟ.

ಎರಡನೇ ತುತ್ತಿಗೇ ಕೂಸಿನ ತುಟಿ ಊದಿತು. ನಾನು ಅವನ ಅಂಗಿಯ ಕಾಲರ್ ಹಿಡಿದೆ.

“ಬೀಗರ, ಕೈ ಬಿಡ್ರಿ! ಬರೇ ಪಲ್ಯಾ ಬಡಿಸಿದ್ರ ನನಗ ಮಂದಿ ಏನಂತಾರ? ಒಂದ್ ಮುಷ್ಟಿ ಶೇಂಗಾಕ್ಕ ಯಾರರ ಸಾಯ್ತಾರೇನ್ರಿ?”

“ಸಾಯಾಕ ಹತ್ಯಾಳ ನೋಡಲೇ, ಕಣ್ಣ ಬಿಟ್ಟ ನೋಡು!”

ಅವನ ಹಲ್ಲು ಉಳಿದದ್ದು ವೈನಿ ಕೂಸನ್ನು ಎತ್ತಿಕೊಂಡು ಜೀಪಿನ ಕಡೆ ಓಡಿದ್ದರಿಂದ. ರಾಮದುರ್ಗದ ದವಾಖಾನೆಯಲ್ಲಿ ಇಂಜೆಕ್ಷನ್ ಮಾಡಿ ಉಳಿಸಿದರು. ಸಂಜೆಗೆ ಕೂಸು ರೊಟ್ಟಿ ಕೇಳಿತು. ಆದರೆ ಮಲಕಾಜಪ್ಪ ಹೇಳಿಕಳಿಸಿದ್ದ: “ಕಾಲರ್ ಹಿಡದವ ಬಂದು ತಪ್ಪಾತು ಅನ್ನೂತನಕ ಆ ಮನ್ಯಾಗಿನವ್ರು ಯಾರೂ ನನ್ನ ಹೊಸ್ತಿಲಾ ತುಳಿಯೂದು ಬ್ಯಾಡ.” ಯಾರು ಯಾರಿಗೆ ತಪ್ಪಾಯಿತು ಅನ್ನಬೇಕು?

ಪಂಚಮಿಗೆ ಅಣ್ಣ ಬಂದು ಕರೆದರೆ ತಂಗಿ ತವರಿಗೆ ಹೋಗಬೇಕು. ಅವನು ಬರಲಿಲ್ಲ. ಬಂದಿದ್ದರೂ ವೈನಿ ಹೋಗುತ್ತಿರಲಿಲ್ಲ. ಆ ದಿನ ಪ್ರತಿ ಮನೆಯಿಂದಲೂ ಉಂಡಿಯ ತಾಟು ಬರುತ್ತದೆ. ಆಕೆ ಬಾಗಿಲಲ್ಲೇ ಕುಳಿತು ತಾಟನ್ನು ಹೊರಗಿಂದ ಹೊರಗೇ ತಿರುಗಿಸುತ್ತಿದ್ದಳು. ಒಬ್ಬ ಹೆಣ್ಣುಮಗಳು ಚುಚ್ಚಿದಳು: “ನಿಮ್ಮ ಮಧುನ ಲಗ್ನದಾಗ ನಮಗ ಬರೇ ಅನ್ನಾ ಸಾರೇನ ಗುರುಬಸವ್ವ?”

“ನೀ ಬಾರವಾ, ನಿನಗ ಬರೇ ಸಾರು.”

ವೈನಿಯ ಮುದುಕಿ ತಾಯಿ ಮಾತ್ರ ಪ್ರತಿ ಪಂಚಮಿಗೂ ಹಿತ್ತಾಳೆ ಡಬ್ಬಿಯಲ್ಲಿ ಎಳ್ಳುಂಡಿ ತುಂಬಿ, ಬಸ್ಸಿನಲ್ಲಿ ಬರುವವರ ಕೈಯಲ್ಲಿ ಕಳಿಸುತ್ತಿದ್ದಳು. ಮೊಮ್ಮಗಳಿಗೆಂದು ಅದರಲ್ಲಿ ಶೇಂಗಾ ಸೋಕಿಸುತ್ತಿರಲಿಲ್ಲ. ಜೊತೆಗೆ ಒಂದೇ ಮಾತು: “ಒಂದ್ ಪಂಚಮಿಗೆ ಬಾ ಅಂತ ಹೇಳ್ರಿ.”

ಮಧು ಐದನೆಯ ಇಯತ್ತೆಯಲ್ಲಿದ್ದಾಗ ಬೆಳಗಾವಿಯ ಡಾಕ್ಟರು ಮತ್ತೊಮ್ಮೆ ರಕ್ತ ತೆಗೆದು ನೋಡಿದರು. “ಕಡಿಮಿ ಆದಂಗ ಕಾಣತೈತಿ. ದವಾಖಾನ್ಯಾಗ, ನಮ್ಮ ಕಣ್ಣ ಮುಂದ ಕೊಟ್ಟು ನೋಡೂಣು. ಮನ್ಯಾಗ ನೀವಾಗೇ ಕೊಡಾಕ ಹೋಗಬ್ಯಾಡ್ರಿ” ಎಂದರು. ಒಂದು ದಿನ ಬೆಳಿಗ್ಗೆಯಿಂದ ಬಾಳೆಹಣ್ಣಿನಲ್ಲಿ ಕಲಸಿ, ಮೊದಲು ಸಾಸಿವೆಯಷ್ಟು, ಆಮೇಲೆ ಸ್ವಲ್ಪ ಹೆಚ್ಚು, ಹಾಗೆ ಕೊಡುತ್ತ ಹೋದರು. ಮಧು ಕಣ್ಣು ಮುಚ್ಚಿ ನುಂಗಿದಳು. ಸಂಜೆಯವರೆಗೂ ಏನೂ ಆಗಲಿಲ್ಲ.

“ಇನ್ನ ಮನ್ಯಾಗ ತಿನಸ್ರಿ. ವಾರಕ್ಕ ಎರಡ ಮೂರ ಸಲ ತಿನ್ನಾಕs ಬೇಕು. ಬಿಟ್ರ ಆ ರೋಗ ತಿರುಗಿ ಬಂದರೂ ಬಂತು.”

ಅಳುತ್ತ ನಗುತ್ತ ಮನೆಗೆ ಬಂದೆವು. ಆದರೆ ಮನೆಯಲ್ಲಿ ಮಧು ಬಾಯಿಯನ್ನೇ ತೆರೆಯಲಿಲ್ಲ. ದವಾಖಾನೆಯಲ್ಲಿ ಸೂಜಿ ಹಿಡಿದ ನರ್ಸ್ ಇದ್ದರು, ಇಲ್ಲಿ ಯಾರಿದ್ದಾರೆ? ನನ್ನ ಹೆಂಡತಿ ಅನ್ನಪೂರ್ಣಾ ಮುದ್ದು ಮಾಡಿ ನೋಡಿದಳು. ನಾನು ಒದರಿ ನೋಡಿದೆ, ತಾಟು ಬಡಿದೆ. ಹುಡುಗಿ ಗೋಡೆಗೆ ಅಂಟಿ ನಿಂತಳು.

“ಸುಭಾಸ, ನಿನ್ನ ಟ್ರ್ಯಾಕ್ಟರ್ ಹೊರಗ ಐತಿ. ಒದರೂದಿದ್ರ ಅದರ ಮುಂದ ಒದರು ಹೋಗು” ಎಂದು ವೈನಿ ನನ್ನನ್ನು ಹೊರಗೆ ಹಾಕಿದಳು.

ಆಗ ಮಧು ಆಕೆಗೇ ಅಂದಳು: “ದೊಡ್ಡವ್ವಾ, ವಿಷಾ ಅಂತ ನೀನs ಹೇಳಿದ್ದಿ.”

 ದಿನ ಕಳೆಯುತ್ತಿದ್ದವು. ಡಾಕ್ಟರು ಹೇಳಿದ್ದು ನನ್ನ ಎದೆಯಲ್ಲಿ ಕುಟ್ಟುತ್ತಿತ್ತು: ಬಿಟ್ಟರೆ ತಿರುಗಿ ಬರುತ್ತದೆ.

ಪಂಚಮಿ ಬಂತು. ವೈನಿ ಶೇಂಗಾ ತರಿಸಿ ಹುರಿದಳು. ಎಷ್ಟೋ ವರ್ಷಗಳ ಮೇಲೆ ಮನೆಯಲ್ಲಿ ಆ ವಾಸನೆ. ಮಧು ಲಂಗದಿಂದ ಮೂಗು ಮುಚ್ಚಿಕೊಂಡು ಹಿತ್ತಿಲ ಬಾಗಿಲಲ್ಲಿ ನಿಂತಿದ್ದಳು. ಮಣ್ಣಿನ ನಾಗಪ್ಪನಿಗೆ ಎಲ್ಲರೂ ಅಪ್ಪನ ಪಾಲು, ಅವ್ವನ ಪಾಲು ಎಂದು ಒಬ್ಬೊಬ್ಬರ ಹೆಸರಿನಲ್ಲಿ ಹಾಲು ಎರೆದದ್ದಾಯಿತು. ಆಮೇಲೆ ವೈನಿ ಒಂದು ಉಂಡಿಯನ್ನು ಅಂಗೈಯಲ್ಲಿ ಮುರಿದುಕೊಂಡು ಅವಳನ್ನು ಕರೆದಳು.

“ಬಾ ಇಲ್ಲೆ. ನನಗ ತಿನಸು.”

“ನೀನs ತಿನ್ನು.”

“ನನಗೂ ಅಂಜಿಕಿ ಬಂದೈತೆ ತಂಗಿ. ನಿನಗ ವಿಷಾ ವಿಷಾ ಅಂತ ಕಲಿಸಿ ಕಲಿಸಿ, ಈಗ ನನ್ನ ಬಾಯಿಗೂ ಹಂಗs ಅನಸಾಕ ಹತ್ತೇತಿ.”

ಆಕೆ ಆಟಕ್ಕೆ ಅನ್ನುತ್ತಿರಲಿಲ್ಲ. ಚೂರನ್ನು ಬಾಯಿಯ ಹತ್ತಿರ ಒಯ್ದವಳು ಮತ್ತೆ ಅಂಗೈಗೆ ಇಳಿಸಿದ್ದನ್ನು ನಾನು ಕಂಡೆ. ಮಧುವೂ ಕಂಡಳೇನೋ. ಬಂದು ಎರಡು ಬೆರಳಿನಿಂದ ಒಂದು ಚೂರು ತೆಗೆದು ದೊಡ್ಡವ್ವನ ಬಾಯಲ್ಲಿಟ್ಟಳು. ಆಮೇಲೆ, ಹುಟ್ಟಿದಾಗಿನಿಂದ ನಾವು ಅವಳಿಗೆ ಮಾಡಿದ್ದನ್ನೆಲ್ಲ ಅವಳು ಆಕೆಗೆ ಮಾಡಿದಳು.

“ತುಟಿ ತೋರಸು. ನಾಲಿಗಿ ಚಾಚು. ಕೆರಿತೈತೇನು?”

“ಇಲ್ಲವ್ವಾ.”

“ಉಸರ ತಗಿ. ಜೋರ ತಗಿ.”

ವೈನಿ ಕೂಸಿನ ಹಾಗೆ ಜೋರಾಗಿ ಉಸಿರು ತೆಗೆದಳು. “ದೊಡ್ಡವ್ವನ ಪಾಲು ಆತು. ಮಧುನ ಪಾಲು?”

ಮಧು ನನ್ನನ್ನು ನೋಡಿದಳು. ಬಾಯಿಗೆ ಬಂದ ‘ತಿನ್ನು’ ಎಂಬ ಮಾತನ್ನು ನಾನು ಹಲ್ಲು ಕಚ್ಚಿ ತಡೆದೆ. ಅವಳು ಚೂರನ್ನು ಬಾಯಿಗೆ ಹಾಕಿಕೊಂಡಳು. ತಾನೇ ನಾಲಿಗೆ ಚಾಚಿ ದೊಡ್ಡವ್ವನ ಮುಂದೆ ನಿಂತಳು.

“ರುಚಿ ಐತೇನ?”

“ಹಲ್ಲಿಗೆ ಅಂಟತೈತಿ.”

ಅನ್ನಪೂರ್ಣಾ ಚೌಕಟ್ಟು ಹಿಡಿದು ಅಳತೊಡಗಿದಳು. ವೈನಿ ನಗುತ್ತಿದ್ದಳು. ಆಮೇಲೆ ಪ್ರತಿ ಸೋಮವಾರ, ಗುರುವಾರ ಇಬ್ಬರೂ ಹಾಗೇ ತುಟಿ ನಾಲಿಗೆ ನೋಡಿಕೊಂಡು ತಿಂದರು. ಒಂದು ದಿನ ಶಾಲೆಗೆ ಹೊತ್ತಾಯಿತೆಂದು ಮಧು ನೋಡಿಸಿಕೊಳ್ಳುವುದನ್ನು ಮರೆತು, ಉಂಡಿ ಬಾಯಲ್ಲಿಟ್ಟುಕೊಂಡೇ ಓಡಿಹೋದಳು.

ಪಂಚಮಿಯ ಆ ಸಂಜೆ ನಾನು ಅಂದಿದ್ದೆ: “ವೈನಿ, ಇನ್ನ ಬಾಗಲಾ ಕಾಯೂದು ಮುಗೀತು. ಬರೂ ಪಂಚಮಿಗೆ ತವರಮನಿಗೆ ಹೋಗ್ರಿ.”

“ಅಣ್ಣ ಕರಿಯಾಕ ಬರಬೇಕಲ್ಲೋ ಸುಭಾಸ.”

ಅವನು ಬರಬೇಕಾದರೆ ನಾನು ಸುರೇಬಾನಕ್ಕೆ ಹೋಗಿ ಒಂದು ಮಾತು ಆಡಬೇಕಿತ್ತು. ಆಡುತ್ತೇನೆ ಅಂದೆ. ಒಮ್ಮೆ ರಾಮದುರ್ಗದವರೆಗೂ ಹೋಗಿ, ಸುರೇಬಾನದ ಬಸ್ಸಿನ ಮುಂದೆ ನಿಂತೆ. ಆ ಪಲ್ಯದ ಪಾತ್ರೆ ಕಣ್ಣ ಮುಂದೆ ಬಂತು. ತಿರುಗಿ ಬಂದೆ.

ಮುಂದಿನ ಪಂಚಮಿಗೆ ಇನ್ನೂ ಒಂದು ತಿಂಗಳಿರುವಾಗ ವೈನಿಯ ತಾಯಿ ತೀರಿಕೊಂಡಳು. ಮಣ್ಣಿಗೆ ಹೋಗಲು ಯಾರ ಕರೆಯೂ ಬೇಕಿಲ್ಲ. ವೈನಿ ಹೋದಳು, ತಾಯಿಯ ಹಿತ್ತಾಳೆ ಡಬ್ಬಿ ಹಿಡಿದುಕೊಂಡು ಬಂದಳು. ಈಗ ಮಧುಗೆ ಶೇಂಗಾ ಉಂಡಿ ಕಟ್ಟಿದರೆ ಆ ಡಬ್ಬಿಯಲ್ಲೇ ಇಡುತ್ತಾಳೆ. ಈ ಸಲವಾದರೂ ಸುರೇಬಾನಕ್ಕೆ ಹೋಗಿ ಬರುತ್ತೇನೆ ಎಂದು ನಾನು ಶುರು ಮಾಡಿದರೆ, “ಅವ್ವ ಇಲ್ಲದ ಮ್ಯಾಲ ಯಾವ ಪಂಚಮಿ, ಬಿಡೋ” ಎಂದು ಒಳಗೆ ಹೋಗುತ್ತಾಳೆ.

ತಾಯಿ ಇದ್ದಾಗಿನ ಒಂದು ಪಂಚಮಿಯನ್ನು ನಾನು ಆಕೆಗೆ ಕೊಡಬೇಕಿತ್ತು. ಅದು ಹಾಗೇ ಉಳಿದಿದೆ.